ಹಾರ್ಡ್‌ವಿಕ್ ಸೌಧದ ವಾಸ್ತುಕ್ರಮ

೧

ಕನ್ನಡದಲ್ಲಿ ‘ಅಂತಸ್ತು’ ಎಂಬ ಶಬ್ದಕ್ಕೆ ಎರಡು ಅರ್ಥಗಳು ಪ್ರಸಿದ್ಧವಾಗಿವೆ. ಮನೆಯಲ್ಲಿ ಒಂದರ ಮೇಲೊಂದರಂತೆ ಏರಿಸಿದ ನೆಲೆಗಳಲ್ಲಿ ಪ್ರತಿಯೊಂದೂ ಅಂತಸ್ತು. ಮನುಷ್ಯನಿಗೆ ಲೋಕದಲ್ಲಿ ಸಂದ ಪದವಿ ಮರ್ಯಾದೆಗಳೂ ಅಂತಸ್ತು. ಕೋಶದಲ್ಲಿ ಅಕ್ಕಪಕ್ಕದಲ್ಲಿ ನಿಂತಿರುವ ಈ ಎರಡು ಅರ್ಥಗಳು ಕಲ್ಲಿನ ಕಟ್ಟಡವೊಂದರಲ್ಲಿ ಬೆರೆತು ಒಂದೇ ಆಗಿರುವುದನ್ನು ಕಾಣಬೇಕಾದರೆ ಇಂಗ್ಲೆಂಡಿನ ಡಾರ್ಬಿಷೈರ್ ಪ್ರಾಂತದಲ್ಲಿ ಒಂದು ದಿಣ್ಣೆಯ ನೆತ್ತಿಯ ಮೇಲೆ ನಿಂತಿರುವ ಹಾರ್ಡ್‌ವಿಕ್ ಹಾಲ್ ಎಂಬ ಸೌಧವನ್ನು ನೋಡಬೇಕು. ಹದಿನಾರನೆಯ ಶತಮಾನದ ಕೊನೆಯ ದಶಕದಲ್ಲಿ ಕಟ್ಟಿದ ಈ ಸೌಧದಲ್ಲಿ ಮೇಲೇರುವುದೆಂದರೆ ಮರ್ಯಾದೆಯಲ್ಲಿ ಏರುವುದೆಂದೇ ಅರ್ಥ. ಅದರ ವಿನ್ಯಾಸವೆಲ್ಲವೂ ಈ ಒಂದು ಸೂತ್ರವನ್ನು ಅನುಸರಿಸಿದೆ.

ಇಂಗ್ಲೆಂಡಿನ ಗ್ರಾಮಾಂತರಗಳಲ್ಲಿ ಶ್ರೀಮಂತರು ಕಟ್ಟಿಸಿದ ಮಹಾಗೃಹಗಳು ಬರಿಯ ವಾಸಕ್ಕಾಗಿ ಹುಟ್ಟಿದವುಗಳಲ್ಲ. ಸುತ್ತಣ ಭೂಮಿಯ ಒಡೆತನ, ಒಕ್ಕಲುಗಳ ಮೇಲಣ ಅಧಿಕಾರ, ರಾಜಸಭೆಯಲ್ಲಿದ್ದ ಸ್ಥಾನ, ಇವೆಲ್ಲಕ್ಕೂ ಅಂಥ ಗೃಹವು ಕಣ್ಣಿಗೆ ಕಾಣುವ ಗುರುತಾಗಿತ್ತು. ಹಿಂದೆ ದೊರೆತನಗಳು ಒಂದರೊಡನೊಂದು ಕಾದಾಡುತ್ತಿದ್ದ ಕಾಲದಲ್ಲಿ ದೊಡ್ಡವರ ಮನೆಗೆ ಅಗಳು, ದಪ್ಪಗೋಡೆ, ಕಿರುಗಂಡಿಗಳು ಬೇಕಾಗಿದ್ದುವು. ೧೪೮೫ರಲ್ಲಿ ಟ್ಯೂಡರ್ ವಂಶದವರು ಪಟ್ಟಕ್ಕೆ ಬಂದ ಮೇಲೆ ಒಳಜಗಳಗಳು ಕ್ರಮವಾಗಿ ಅಡಗಿದುವು. ಈ ವಂಶದ ಎಂಟನೆಯ ಹೆನ್ರಿಯು ೧೫೩೬ರಿಂದ ೧೫೪೦ರ ವರೆಗೆ ಕ್ರೈಸ್ತ ಮಠಗಳನ್ನು ಮುಚ್ಚಿಸಿ ಅವುಗಳ ಆಸ್ತಿಯನ್ನು ವಶಪಡಿಸಿಕೊಳ್ಳಲು, ಆ ಭೂಮಿಗಳು ಕ್ರಯದಿಂದಲೂ ದಾನದಿಂದಲೂ ಹೊಸ ಮನೆತನಗಳ ಕೈಸೇರಿದುವು. ಹೀಗೆ ಐಶ್ವರ್ಯವನ್ನು ಪಡೆದವರಿಗೆ ಕೋಟೆಯಿಂದ ಆಗಬೇಕಾದುದೇನೂ ಇರಲಿಲ್ಲ. ಪ್ರತಿಷ್ಠೆಯನ್ನು ಮೆರೆಸುವ ಮನೆ ಬೇಕಾಗಿತ್ತು. ಹಾರ್ಡ್‌ವಿಕ್ ಈ ಹೊಸ ಬಗೆಯ ಮನೆಗಳಲ್ಲಿ ಅತ್ಯಂತ ಸ್ಪಷ್ಟವಾಗಿ ಮಾತನಾಡುವಂಥದು.

೨

ಇದನ್ನು ಕಟ್ಟಿಸಿದವಳು ಒಬ್ಬ ಸ್ತ್ರೀ. ಆಕೆಯ ಹೆಸರು ಎಲಿಜಬೆತ್. ಜನರ ಬಾಯಲ್ಲಿ ‘ಹಾರ್ಡ್‌ವಿಕ್ಕಿನ ಬೆಸ್’. ಸುಮಾರು ೧೫೨೭ರಲ್ಲಿ ಇದೇ ದಿಣ್ಣೆಯ ಮೇಲಣ ಸಾಮಾನ್ಯ ಜಮೀನುದಾರನ ಮನೆಯಲ್ಲಿ ಹುಟ್ಟಿದ ಈಕೆ ನಾಲ್ಕು ಬಾರಿ ವಿವಾಹವಾಗಿ, ನಾಲ್ಕು ಬಾರಿಯೂ ವಿಧವೆಯಾದಳು. ಎರಡನೆಯ ಪತಿ ಸರ್ ವಿಲಿಯಂ ಕ್ಯಾವೆಂಡಿಷ್, ಮಠಗಳ ಆಸ್ತಿಯನ್ನು ರಾಜ್ಯಕ್ಕೆ ಸೇರಿಸುವ ಕಾರ್ಯದಲ್ಲಿ ಅಧಿಕಾರಿಯಾಗಿದ್ದು ತಾನೂ ಧನಿಕನಾದವನು. ಆಕೆಯ ಮಕ್ಕಳೆಲ್ಲರೂ ಈತನವರೇ. ನಾಲ್ಕನೆಯ ಪತಿ ಷ್ರೂಸ್‌ಬರಿಯ ಆರನೆಯ ಅರ್ಲ್ ಜಾರ್ಜ್ ಟಾಲ್ಬಟ್, ರಾಜ್ಯದ ಅಗ್ರಗಣ್ಯ ಶ್ರೀಮಂತರಲ್ಲಿ ಒಬ್ಬನು. ಸ್ಕಾಟ್ಲೆಂಡಿನ ರಾಣಿ ಮೇರಿಯು ಬಂದಿಯಾಗಿದ್ದಾಗ ೧೫೬೯ರಿಂದ ಹದಿನೈದು ವರ್ಷಗಳ ಕಾಲ ಆಕೆಯ ಕಾವಲಿನ ಭಾರ ಈತನ ಮೇಲಿತ್ತು. ಕೊನೆಕೊನೆಗೆ ದಂಪತಿಗಳಲ್ಲಿ ವಿರಸ ಬೆಳೆದು ಇಬ್ಬರೂ ಬೇರೆಯಾದರು. ಬೆಸ್ ತನ್ನ ತೌರೂರಾದ ಹಾರ್ಡ್‌ವಿಕ್ಕಿಗೆ ಬಂದು ೧೫೮೭ರ ಸುಮಾರಿನಲ್ಲಿ ತಂದೆಯ ಹಳೆಯ ಮನೆಯನ್ನು ದೊಡ್ಡದಾಗಿ ಕಟ್ಟಿಸತೊಡಗಿದಳು. ಆ ಕೆಲಸ ಇನ್ನೂ ಸಾಗುತ್ತಿರುವಾಗಲೇ, ೧೫೯೦ರಲ್ಲಿ, ಅದರ ಸಮೀಪದಲ್ಲಿಯೇ ಹೊಸ ಸೌಧಕ್ಕೆ ಅಸ್ತಿಭಾರ ಬಿದ್ದಿತು. ಆ ವರ್ಷದ ನವೆಂಬರಿನಲ್ಲಿ ಅರ್ಲನು ತೀರಿಕೊಳ್ಳಲು, ವಿಧವೆಗೆ ಸಲ್ಲತಕ್ಕ ಭಾಗ ಕೈಸೇರಿ, ಬೆಸ್ ಇಂಗ್ಲೆಂಡಿನ ಅತ್ಯಂತ ಶ್ರೀಮಂತ ಸ್ತ್ರೀಯರಲ್ಲಿ ಒಬ್ಬಳಾದಳು.

ಒಂದು ಮನೆ ಮುಗಿಯುವ ಮೊದಲೇ ಪಕ್ಕದಲ್ಲಿ ಇನ್ನೊಂದನ್ನು ಏಕೆ ತೊಡಗಬೇಕು? ಇದಕ್ಕೆ ಉತ್ತರವು ಆಕೆಯ ಮೊಮ್ಮಗಳಲ್ಲಿದೆ. ಬೆಸ್ ತನ್ನ ಮಗಳೊಬ್ಬಳನ್ನು ೧೫೭೪ರಲ್ಲಿ ಲೆನಕ್ಸಿನ ಅರ್ಲ್ ಚಾರ್ಲ್ಸ್ ಸ್ಟೂವರ್ಟನಿಗೆ ಕೊಟ್ಟಿದ್ದಳು. ಆತನು ಎಂಟನೆಯ ಹೆನ್ರಿಯ ಅಕ್ಕನ ಮೊಮ್ಮಗ. ಈ ದಂಪತಿಗಳ ಮಗಳು ಆರ್ಬೆಲ್ಲಾ ಸ್ಟೂವರ್ಟ್ ೧೫೭೫ರಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಅಜ್ಜಿಯ ಆಶ್ರಯದಲ್ಲಿ ಬೆಳೆದಳು. ಆಗ ಆಳುತ್ತಿದ್ದ ಎಲಿಜಬೆತ್ ರಾಣಿಗೆ ಸಂತಾನವಿರಲಿಲ್ಲ. ಉತ್ತರಾಧಿಕಾರಿ ಯಾರೆಂಬುದನ್ನು ರಾಣಿ ಬಾಯ್ಬಿಟ್ಟು ಹೇಳಿಯೂ ಇರಲಿಲ್ಲ. ಹೀಗಿರಲು ಆರ್ಬೆಲ್ಲಾ ಸಿಂಹಾಸನಕ್ಕೆ ಹಕ್ಕುಳ್ಳವರಲ್ಲಿ ಒಬ್ಬಳೆಂದು ಎಣಿಕೆಯಾಗುತ್ತಿದ್ದಳು. ರಾಣಿಯಾಗಬಹುದಾದವಳು ಬೆಳೆಯುತ್ತಿದ್ದ ಮನೆ, ರಾಣಿಯು ಬಂದಿಳಿಯಬಹುದಾದ ಮನೆ, ಈ ಎರಡು ಆಶೆಗಳೂ ಹೊಸ ಸೌಧದ ಅಳತೆಗಳಲ್ಲಿ ಸೇರಿಕೊಂಡಿವೆ.

೩

ಸೌಧದ ಶಿಲ್ಪಿ ಯಾರೆಂಬ ವಿಷಯದಲ್ಲಿ ಪ್ರಮಾಣಗಳನ್ನು ವಿವೇಚಿಸಿ ನೋಡಬೇಕಾಗಿದೆ. ಕಟ್ಟಡದ ಲೆಕ್ಕದ ಪುಸ್ತಕಗಳು ಉಳಿದುಬಂದಿವೆ. ಅವುಗಳಲ್ಲಿ ಬೆಸ್ ತಾನೇ ಹಾಕಿದ ರುಜುಗಳೂ ಇವೆ. ಗಾರೆಯ ಶಿಲ್ಪದಲ್ಲಿ ನಿಪುಣನಾದ ಏಬ್ರಹಾಂ ಸ್ಮಿತ್, ಕಲ್ಲುಕೆಲಸದ ಥಾಮಸ್ ಏಕರ್ಸ್ ಮೊದಲಾದವರ ಹೆಸರುಗಳು ಅಲ್ಲಿ ಕಾಣುತ್ತವೆ. ಆದರೆ ನಕ್ಷೆಯನ್ನು ರಚಿಸಿದವನು ಇಂಥವನೆಂಬ ಮಾತು ಎಲ್ಲಿಯೂ ಇಲ್ಲ. ಅದಾಗ್ಯೂ ವಿದ್ವಾಂಸರು ಇದನ್ನು ರಾಬರ್ಟ್ ಸ್ಮಿತ್ಸನ್ ಎಂಬವನ ಕೃತಿಯೆಂದು ನಿರ್ಣಯಿಸಿರುವರು. ೧೫೯೭ರ ಲೆಕ್ಕದಲ್ಲಿ ಸ್ಮಿತ್ಸನ್ನನಿಗೂ ಅವನ ಮಗನಿಗೂ ಹಣ ಕೊಟ್ಟ ನಮೂದು ಇರುವುದು ಒಂದು ಪ್ರಮಾಣ. ಅವನ ಮನೆತನದವರು ಕಾಪಾಡಿದ ನಕ್ಷೆಗಳಲ್ಲಿ ಹಾರ್ಡ್‌ವಿಕ್ಕಿನ ತಳವಿನ್ಯಾಸವನ್ನು ಬಹುಮಟ್ಟಿಗೆ ಹೋಲುವ ನಕ್ಷೆಯೊಂದು ಸಿಕ್ಕಿರುವುದು ಎರಡನೆಯದು. ಅವನು ಕಟ್ಟಿದ ವುಲಟನ್ ಸೌಧಕ್ಕೂ ಇದಕ್ಕೂ ಇರುವ ರಚನಾಸಾಮ್ಯ ಮೂರನೆಯದು. ಪ್ರತ್ಯಕ್ಷವಾದ ಉಲ್ಲೇಖವಿಲ್ಲದಿದ್ದರೂ ಕವಿಯ ಕರ್ತೃತ್ವವನ್ನು ಶೈಲಿಯಿಂದಲೂ ಹೊರಗಿನ ಆಧಾರಗಳಿಂದಲೂ ಸ್ಥಾಪಿಸುವ ಕ್ರಮವೇ ಇಲ್ಲಿಯೂ ನಡೆದಿದೆ. ಸ್ಮಿತ್ಸನ್ ಮೊದಲು ಕಲ್ಲುಕೆಲಸದವರ ಮೇಸ್ತ್ರಿಯಾಗಿದ್ದು ಲಾಂಗ್ಲೀಟ್ ಸೌಧದಲ್ಲಿ ದುಡಿದವನು. ಉಳಿಯನ್ನು ಹಿಡಿದ ಕೈಯೇ ನಕ್ಷೆಯನ್ನು ಬರೆಯತೊಡಗಿದ ಸಂಧಿಕಾಲ ಅದು. ೧೬೧೪ರಲ್ಲಿ ತೀರಿಕೊಂಡ ಅವನ ಸಮಾಧಿಯ ಬರೆಹವು ಅವನನ್ನು ವಾಸ್ತುಶಿಲ್ಪಿಯೆಂದೇ ಕರೆದಿದೆ.

ಈಗ ತಳವಿನ್ಯಾಸಕ್ಕೆ ಬರಬಹುದು. ಸೌಧದ ಒಡಲು ಉದ್ದನೆಯ ಒಂದು ಆಯತ. ಅದರ ಉದ್ದದ ಬದಿಗಳಿಂದ ಎರಡೆರಡು, ಕಿರಿಯ ಬದಿಗಳಿಂದ ಒಂದೊಂದು, ಅಂತು ಆರು ಚೌಕಗೋಪುರಗಳು ಹೊರಚಾಚಿ, ಮಾಳಿಗೆಯನ್ನೂ ಮೀರಿ ಒಂದು ನೆಲೆ ಎತ್ತರಕ್ಕೆ ಏರಿವೆ. ಎಡಬಲಗಳ ಸಮತೆ ಎಲ್ಲ ದಿಕ್ಕುಗಳಿಂದಲೂ ಕಾಣುತ್ತದೆ. ಆದರೂ ನೋಡುವವನು ಸುತ್ತಿ ಬರುತ್ತಿರಲು ಗೋಪುರಗಳು ಒಮ್ಮೆ ಗುಂಪಾಗಿ ಕೂಡುತ್ತ ಒಮ್ಮೆ ಬಿಡಿಬಿಡಿಯಾಗುತ್ತ ಹೊಸ ಹೊಸ ಆಕಾರಗಳನ್ನು ತೋರುತ್ತವೆ. ಇಷ್ಟು ಸರಳವಾದ ಉಪಾಯದಿಂದ ಇಷ್ಟು ವೈಚಿತ್ರ್ಯವನ್ನು ಸಾಧಿಸಿರುವುದು ಶಿಲ್ಪಿಯ ಹಿರಿಮೆ.

ಈ ಸಮತೆಯನ್ನು ಸಾಧಿಸಬೇಕಾದರೆ ಹಳೆಯ ಸಂಪ್ರದಾಯವೊಂದನ್ನು ಮುರಿಯಬೇಕಾಗಿತ್ತು. ‘ಹಾಲ್’ ಎಂಬ ಆಂಗ್ಲ ಶಬ್ದ ಇಡೀ ಸೌಧಕ್ಕೆ ಹೆಸರಾಗುವ ಮೊದಲು ಮನೆಯ ನಡುವಣ ದೊಡ್ಡ ಹಜಾರಕ್ಕೆ ಹೆಸರಾಗಿತ್ತು. ಮಧ್ಯಯುಗದಲ್ಲಿ ಯಜಮಾನನೂ ಪರಿವಾರದವರೂ ಈ ಹಜಾರದಲ್ಲಿಯೇ ಒಟ್ಟಿಗೆ ಉಣ್ಣುತ್ತಿದ್ದರು. ಯಜಮಾನನ ಜಗಲಿ ಒಂದು ತುದಿಯಲ್ಲಿ. ಬಾಗಿಲೂ ಅಡಿಗೆಮನೆಯ ದಾರಿಯೂ ಇನ್ನೊಂದು ತುದಿಯಲ್ಲಿ. ಹಜಾರವು ಮನೆಯ ಮುಂಭಾಗಕ್ಕೆ ಉದ್ದಕ್ಕೆ ಹೊಂದಿಕೊಂಡಿದ್ದುದರಿಂದ ಹೆಬ್ಬಾಗಿಲು ನಡುವಿಗೆ ಬಾರದೆ ಒಂದು ಕಡೆಗೆ ಸರಿಯುತ್ತಿತ್ತು. ಹೊರಗೆ ಸಮತೆಯನ್ನು ಬಯಸಿದ ಶಿಲ್ಪಿಗಳಿಗೆ ಇದೇ ದೊಡ್ಡ ತೊಡಕು. ಹಾರ್ಡ್‌ವಿಕ್ಕಿನಲ್ಲಿ ಸ್ಮಿತ್ಸನ್ ಹಜಾರವನ್ನು ಅಡ್ಡಕ್ಕೆ ತಿರುಗಿಸಿ, ಮುಂಭಾಗದಿಂದ ಹಿಂಭಾಗದ ವರೆಗೆ ಸೌಧದ ನಟ್ಟನಡುವೆ ಹಾಯಿಸಿದನು. ಈಗ ಬಾಗಿಲು ತಾನಾಗಿ ಮಧ್ಯಕ್ಕೆ ಬಂದಿತು. ಇಂಗ್ಲೆಂಡಿನಲ್ಲಿ ಈ ಕ್ರಮಕ್ಕೆ ಇದು ಮೊದಲ ನಿದರ್ಶನಗಳಲ್ಲಿ ಒಂದು. ಇಟಲಿಯ ಪಲ್ಲಾಡಿಯೋ ೧೫೭೦ರಲ್ಲಿ ಪ್ರಕಟಿಸಿದ ವಾಸ್ತುಗ್ರಂಥದ ನಕ್ಷೆಗಳು ಇದಕ್ಕೆ ಪ್ರೇರಣೆಯಾಗಿರಬಹುದು.

ಈ ಮಾರ್ಪಾಟು ಬರಿಯ ನೋಟದ್ದಲ್ಲ. ಹಜಾರ ಅಡ್ಡ ತಿರುಗಿದೊಡನೆ ಅದು ಮನೆಯ ಹೃದಯವಾಗಿ ಉಳಿಯದೆ ಒಳಹೋಗುವ ದಾರಿಯಾಯಿತು. ಪರಿಚಾರಕರು ಅಲ್ಲಿಯೇ ಉಂಡು ಅಲ್ಲಿಯೇ ಕಾದಿರುವರು. ಯಜಮಾನಿತಿ ಅವರೊಡನೆ ಪಂಕ್ತಿಯಲ್ಲಿ ಕೂರುವುದಿಲ್ಲ. ಒಂದೇ ಸೂರಿನಡಿಯ ಸಹಭೋಜನ ಹೋಗಿ, ಒಬ್ಬರ ಮೇಲೊಬ್ಬರನ್ನು ಏರಿಸುವ ಅಂತಸ್ತುಗಳ ಕ್ರಮ ಬಂದಿತು.

೪

ಸೌಧಕ್ಕೆ ಮೂರು ಮುಖ್ಯ ಅಂತಸ್ತುಗಳು. ನೆಲದ ಅಂತಸ್ತಿನಲ್ಲಿ ಹಜಾರ, ಅಡಿಗೆಮನೆ, ಉಗ್ರಾಣ ಮೊದಲಾದುವು. ಇದು ಪರಿಚಾರಕರ ಲೋಕ. ನಡುವಣ ಅಂತಸ್ತಿನಲ್ಲಿ ಬೆಸ್ ವಾಸಮಾಡುತ್ತಿದ್ದ ಕೋಣೆ, ಆಕೆಯ ಮಲಗುವ ಮನೆ. ಇದು ಕುಟುಂಬದ ಲೋಕ. ಮೇಲಣ ಅಂತಸ್ತಿನಲ್ಲಿ ರಾಜಮರ್ಯಾದೆಗೆ ತಕ್ಕ ಮಹಾಸಭಾಗೃಹ, ಅದರಾಚೆ ಏಕಾಂತದ ಕೋಣೆ, ಶಯನಗೃಹ, ಹಾಗೂ ಪೂರ್ವದ ಪಾರ್ಶ್ವದುದ್ದಕ್ಕೂ ಹಬ್ಬಿದ ದೀರ್ಘಶಾಲೆ. ಈ ದೀರ್ಘಶಾಲೆಯ ಉದ್ದ ೧೬೦ ಅಡಿಗೂ ಹೆಚ್ಚು, ಎತ್ತರ ಸುಮಾರು ೨೬ ಅಡಿ. ಹಜಾರದಿಂದ ಹೊರಟ ಕಲ್ಲಿನ ಮೆಟ್ಟಲಸಾಲು ಒಮ್ಮೆಗೇ ಮೇಲೇರದೆ, ತಿರುಗಿ ತಿರುಗಿ, ಕತ್ತಲೆ ಬೆಳಕುಗಳನ್ನು ದಾಟಿ, ಕೊನೆಗೆ ಮಹಾಸಭಾಗೃಹದ ಬಾಗಿಲಿಗೆ ತಂದು ನಿಲ್ಲಿಸುತ್ತದೆ. ವಿಶೇಷ ದಿನಗಳಲ್ಲಿ ಊಟದ ಪಾತ್ರೆಗಳನ್ನು ಅಡಿಗೆಮನೆಯಿಂದ ಹಜಾರದ ಮೂಲಕ ಈ ಮೆಟ್ಟಲುಗಳ ಮೇಲೆ ಮೆರವಣಿಗೆಯಂತೆ ಒಯ್ಯುತ್ತಿದ್ದರು. ಅನ್ನ ಆರಿಹೋಗುವುದೆಂಬುದು ಗೌಣ. ಅದು ಎಷ್ಟು ಮೇಲಕ್ಕೆ ಹೋಗುವುದೆಂಬುದು ಮುಖ್ಯ.

ಒಳಗಿನ ಈ ತಾರತಮ್ಯವನ್ನು ಹೊರಗಿನ ಕಿಟಕಿಗಳೇ ಸಾರುತ್ತವೆ. ಕೆಳಗಣ ಸಾಲಿನ ಕಿಟಕಿಗಳು ಗಿಡ್ಡವಾಗಿವೆ, ನಡುವಣವು ಎತ್ತರವಾಗಿವೆ, ಮೇಲಣವು ಎಲ್ಲಕ್ಕಿಂತ ಎತ್ತರ. ಕಟ್ಟಡವು ಮೇಲಕ್ಕೆ ಹೋದಂತೆ ಹಗುರವೂ ಕಿರಿದೂ ಆಗಬೇಕೆಂಬುದು ಸಾಮಾನ್ಯ ನ್ಯಾಯ. ಇಲ್ಲಿ ಅದನ್ನು ಬೇಕೆಂದೇ ತಿರುವಿಹಾಕಿದೆ. ಓದಲು ಬಾರದ ರೈತನೂ ದಾರಿಯಲ್ಲಿ ನಿಂತು ತಲೆಯೆತ್ತಿದರೆ ದೊಡ್ಡವರು ಎಲ್ಲಿರುವರೆಂಬುದನ್ನು ತಿಳಿಯಬಹುದಾಗಿತ್ತು. ಆ ಕಾಲದಲ್ಲಿ ಗಾಜು ದುಬಾರಿಯಾದ ವಸ್ತು. ಸಣ್ಣ ಸಣ್ಣ ಬಿಲ್ಲೆಗಳನ್ನು ಸೀಸದ ಪಟ್ಟಿಗಳಲ್ಲಿ ಕೂಡಿಸಿ, ಕಲ್ಲಿನ ನಿಲುವುಪಟ್ಟಿ ಅಡ್ಡಪಟ್ಟಿಗಳ ಚೌಕಟ್ಟಿನಲ್ಲಿ ನಿಲ್ಲಿಸಬೇಕಾಗಿತ್ತು. ಅಂಥ ಗಾಜನ್ನು ಇಲ್ಲಿ ಇಷ್ಟು ಧಾರಾಳವಾಗಿ ಬಳಸಿರುವುದರಿಂದ ಹಾರ್ಡ್‌ವಿಕ್ಕಿನಲ್ಲಿ ಗೋಡೆಯನ್ನು ಗಾಜು ಮೀರಿಸಿದೆಯೆಂಬ ಅರ್ಥದ ಪ್ರಾಸದ ಲೋಕೋಕ್ತಿಯೇ ಹುಟ್ಟಿಕೊಂಡಿದೆ.

ಹೊರಗೋಡೆಗಳು ಗಾಜಾದರೆ ಭಾರವನ್ನು ಹೊರುವುದು ಯಾವುದು? ಇದು ಶಿಲ್ಪಿಯ ಮುಂದಿದ್ದ ನಿಜವಾದ ಸಮಸ್ಯೆ. ಸೌಧದ ನಡುವೆ, ಉದ್ದಕ್ಕೂ, ಬೆನ್ನೆಲುಬಿನಂತೆ ದಪ್ಪನಾದ ಗೋಡೆಯನ್ನು ಎತ್ತಿ, ಅಗ್ಗಿಷ್ಟಿಕೆಗಳನ್ನೂ ಹೊಗೆಕೊಳವೆಗಳನ್ನೂ ಬಹುಮಟ್ಟಿಗೆ ಒಳಗೋಡೆಗಳಿಗೇ ಸೇರಿಸಿರುವುದು ಇದಕ್ಕೆ ಪರಿಹಾರ. ಹೊರಗೋಡೆಗಳು ಹೀಗೆ ಬಿಡುವಾಗಿ ಕಿಟಕಿಗಳಿಗೆ ಎಡೆ ದೊರೆಯಿತು. ಗೋಪುರಗಳೂ ಆತುಕೋಲುಗಳಂತೆ ನಿಂತು ಒಡಲನ್ನು ಬಿಗಿಹಿಡಿದುವು. ಆದರೆ ಸಮತೆಗಾಗಿ ತೆರಬೇಕಾದ ಬೆಲೆಯೂ ಇತ್ತು. ಕೆಲವು ಕಿಟಕಿಗಳು ಹೊರಗಿನಿಂದ ಒಂದೇ ಆಗಿ ಕಂಡರೂ ಒಳಗೆ ಎರಡು ಗಿಡ್ಡ ನೆಲೆಗಳಿಗೆ ಹಂಚಿಹೋಗಿವೆ. ಇನ್ನು ಕೆಲವಕ್ಕೆ ಹಿಂದೆ ಬರಿಯ ಗೋಡೆಯಿದೆ. ಅವು ಬೆಳಕನ್ನು ಒಳಕ್ಕೆ ಬಿಡದೆ ಸಾಲನ್ನು ತುಂಬುವುದಕ್ಕಾಗಿಯೇ ನಿಂತಿವೆ. ಛಂದಸ್ಸಿಗಾಗಿ ಪಾದಪೂರಣವನ್ನು ಬಳಸುವ ಕವಿಗಳುಂಟಷ್ಟೆ. ಇದೂ ಅದೇ ಜಾತಿಯ ದೋಷ. ಇದನ್ನು ಮರೆಸದೆ ಹೇಳಬೇಕಾದುದು ವಿಮರ್ಶಕನ ಧರ್ಮ.

ಗಾಜಿನ ವೈಭವವನ್ನು ಮೈಯಿಂದ ಅನುಭವಿಸಿದವಳೂ ಬೆಸ್ಸಳೇ. ೧೬೦೧ರಲ್ಲಿ ಆಕೆ ತನ್ನ ಉಯಿಲಿನೊಡನೆ ಮನೆಯ ವಸ್ತುಗಳ ಸಮಗ್ರವಾದ ಪಟ್ಟಿಯನ್ನು ಬರೆಯಿಸಿದಳು. ಆಕೆಯ ಸ್ವಂತ ಶಯನಗೃಹದ ವಿವರದಲ್ಲಿ ಹಲವು ಕಂಬಳಿಗಳಲ್ಲದೆ, ಬಾಗಿಲಿಗೂ ಕಿಟಕಿಗೂ ತೂಗುಹಾಕುವ ಹೊದಿಕೆಗಳು ಕಾಣುತ್ತವೆ. ಎಪ್ಪತ್ತರ ವಯಸ್ಸನ್ನು ದಾಟಿದ ಮುದುಕಿ, ಹೊರಗಿನ ಲೋಕಕ್ಕೆ ತೆರೆದು ತೋರಿಸಿದ ಕಿಟಕಿಗಳನ್ನು ಒಳಗಿನಿಂದ ಚಳಿಗೆ ಹೆದರಿ ಮುಚ್ಚಿಕೊಂಡಿದ್ದಳು.

೫

ಮೇಲಣ ಅಂತಸ್ತಿನ ಮಹಾಸಭಾಗೃಹವು ಈ ಸೌಧದ ತಾತ್ಪರ್ಯ. ಅದರ ಗೋಡೆಗಳ ಕೆಳಭಾಗದಲ್ಲಿ ಯುಲಿಸಿಸನ ಕಥೆಯನ್ನು ನೆಯ್ದ ಬ್ರಸ್ಸೆಲ್ಸಿನ ಚಿತ್ರತೆರೆಗಳಿವೆ. ಇವನ್ನು ಬೆಸ್ ೧೫೮೭ರಲ್ಲಿ, ಎಂದರೆ ಸೌಧವನ್ನು ತೊಡಗುವುದಕ್ಕೆ ಮೊದಲೇ, ಕೊಂಡಿದ್ದಳು. ಕೋಣೆಯ ಎತ್ತರವನ್ನು ತೆರೆಗಳಿಗೆ ಹೊಂದುವಂತೆ ಗೊತ್ತುಮಾಡಿದಂತೆ ತೋರುತ್ತದೆ. ತೆರೆಗಳ ಮೇಲೆ, ಕೋಣೆಯ ಸುತ್ತಲೂ, ಬಣ್ಣ ಹಚ್ಚಿದ ಗಾರೆಯ ಉಬ್ಬುಚಿತ್ರಗಳ ಅಗಲವಾದ ಪಟ್ಟಿಕೆಯಿದೆ. ಅದರಲ್ಲಿ ಕಾಡು, ಮೃಗಗಳು, ಬೇಟೆ, ನಡುವೆ ಪರಿವಾರದೊಡನೆ ಕುಳಿತ ಡಯಾನಾ ದೇವಿ. ರೋಮನರ ಪುರಾಣದಲ್ಲಿ ಡಯಾನಾ ಬೇಟೆಗೆ ಅಧಿದೇವತೆ, ಕನ್ಯಾವ್ರತೆ. ಅವಿವಾಹಿತೆಯಾದ ಎಲಿಜಬೆತ್ ರಾಣಿಯನ್ನು ಆ ಕಾಲದ ಕವಿಗಳು ಇದೇ ಹೆಸರಿನಿಂದ ಸ್ತುತಿಸುತ್ತಿದ್ದುದು ಆಂಗ್ಲ ಸಾಹಿತ್ಯವನ್ನು ಬಲ್ಲವರಿಗೆ ವಿದಿತವೇ ಇದೆ. ಹೀಗೆ ದೇವಿಯ ವಾಚ್ಯಾರ್ಥದ ಹಿಂದೆ ರಾಣಿಯು ವ್ಯಂಗ್ಯಳಾಗಿರುವಳು. ಕೋಣೆಯಲ್ಲಿ ರಾಜಲಾಂಛನವನ್ನೂ ನಿಲ್ಲಿಸಿರುವುದರಿಂದ ಈ ಧ್ವನಿ ನಿಸ್ಸಂದೇಹವಾಗುತ್ತದೆ.

ದೀರ್ಘಶಾಲೆಯ ತೆರೆಗಳ ಕಥೆ ಬೆಸ್ಸಳ ಸ್ವಭಾವವನ್ನು ಇನ್ನೊಂದು ಬಗೆಯಲ್ಲಿ ತಿಳಿಸುತ್ತದೆ. ಬೈಬಲ್ಲಿನ ಗಿಡಿಯನ್ ಎಂಬ ವೀರನ ಕಥೆಯನ್ನುಳ್ಳ ಈ ಹದಿಮೂರು ತೆರೆಗಳನ್ನು ರಾಣಿಯ ಮಂತ್ರಿಯಾಗಿದ್ದ ಸರ್ ಕ್ರಿಸ್ಟೋಫರ್ ಹ್ಯಾಟನ್ ತನಗಾಗಿ ಮಾಡಿಸಿದ್ದನು. ಅವನು ಸಾಲ ಉಳಿಸಿ ತೀರಿಕೊಳ್ಳಲು, ೧೫೯೨ರಲ್ಲಿ ಬೆಸ್ ಅವನ್ನು ೩೨೬ ಪೌಂಡು ೧೫ ಷಿಲಿಂಗು ೯ ಪೆನ್ಸಿಗೆ ಗೊತ್ತುಮಾಡಿದಳು. ಆದರೆ ಅವುಗಳಲ್ಲಿ ಹ್ಯಾಟನ್ನನ ಲಾಂಛನವಿತ್ತು. ಅದನ್ನು ಬದಲಾಯಿಸಬೇಕೆಂದು ಕ್ರಯದಲ್ಲಿ ೫ ಪೌಂಡುಗಳನ್ನು ಹಿಡಿದುಕೊಂಡಳು. ಅನಂತರ ತನ್ನ ಲಾಂಛನವನ್ನು ಬಟ್ಟೆಯ ಮೇಲೆ ಬರೆಯಿಸಿ ಹಳೆಯದರ ಮೇಲೆ ಹೊಲಿಸಿದಳು. ಹ್ಯಾಟನ್ನನ ಚಿಹ್ನೆಯಾದ ಹೆಣ್ಣುಜಿಂಕೆಗೆ ಕೊಂಬು ಸೇರಿಸಲು ಅದು ಬೆಸ್ಸಳ ಗಂಡುಜಿಂಕೆಯಾಯಿತು.

ಇಷ್ಟಾದರೂ ಸೌಧದ ಅತ್ಯುನ್ನತ ಸ್ಥಾನದಲ್ಲಿರುವುದು ರಾಣಿಯ ಚಿಹ್ನೆಯಲ್ಲ. ಆರು ಗೋಪುರಗಳ ನೆತ್ತಿಯಲ್ಲಿ, ಆಕಾಶವೇ ಹಿನ್ನೆಲೆಯಾಗಿ ಕಾಣುವಂತೆ ಕೊರೆದ ಕಲ್ಲಿನ ಜಾಲದ ನಡುವೆ, ಕಿರೀಟದ ಕೆಳಗೆ ‘ಇ’ ‘ಎಸ್’ ಎಂಬ ಎರಡು ಆಂಗ್ಲ ಅಕ್ಷರಗಳಿವೆ. ಅವು ‘ಎಲಿಜಬೆತ್ ಷ್ರೂಸ್‌ಬರಿ’ ಎಂಬುದರ ಮೊದಲಕ್ಷರಗಳು. ನಡುವಣ ಅಂತಸ್ತಿನಲ್ಲಿ ಬಾಳಿ, ಮೇಲಣ ಅಂತಸ್ತನ್ನು ರಾಣಿಗೆ ಮೀಸಲಿಟ್ಟವಳು, ಅದಕ್ಕೂ ಮೇಲೆ ತನ್ನ ಹೆಸರನ್ನು ನಿಲ್ಲಿಸಿದಳು. ವಿನಯವೂ ದರ್ಪವೂ ಒಂದೇ ಕಟ್ಟಡದಲ್ಲಿ ಹೀಗೆ ನೆಲೆಸಿವೆ.

೬

೧೫೯೭ರ ಅಕ್ಟೋಬರಿನಲ್ಲಿ ಬೆಸ್ ಹೊಸ ಸೌಧವನ್ನು ಪ್ರವೇಶಿಸಿದಳು. ಎಲಿಜಬೆತ್ ರಾಣಿ ಎಂದೂ ಅಲ್ಲಿಗೆ ಬರಲಿಲ್ಲ. ೧೬೦೩ರಲ್ಲಿ ರಾಣಿ ತೀರಿಕೊಂಡಾಗ ಸಿಂಹಾಸನವು ಆರ್ಬೆಲ್ಲಳ ದೊಡ್ಡಪ್ಪನ ಮಗನಾದ, ಸ್ಕಾಟ್ಲೆಂಡಿನ ದೊರೆ ಜೇಮ್ಸನಿಗೆ ಸಂದಿತು. ಆರ್ಬೆಲ್ಲಳಿಗೆ ಅಜ್ಜಿಯ ಮನೆ ಸೆರೆಮನೆಯಂತೆಯೇ ತೋರಿತ್ತು. ಅಲ್ಲಿಂದ ತಪ್ಪಿಸಿಕೊಳ್ಳಲು ಆಕೆ ಹವಣಿಸಿದ್ದಳು. ೧೬೧೦ರಲ್ಲಿ ದೊರೆಯ ಅಪ್ಪಣೆಯಿಲ್ಲದೆ ವಿಲಿಯಂ ಸೀಮರ್ ಎಂಬವನನ್ನು ಗುಟ್ಟಾಗಿ ವರಿಸಿ, ನಿಜವಾದ ಸೆರೆಗೇ ಗುರಿಯಾಗಿ, ೧೬೧೫ರಲ್ಲಿ ಲಂಡನ್ನಿನ ಟವರ್ ಕೋಟೆಯಲ್ಲಿ ಮಡಿದಳು. ಬೆಸ್ ಅದಕ್ಕೆ ಮೊದಲೇ, ೧೬೦೮ರ ಫೆಬ್ರವರಿಯಲ್ಲಿ, ಹಾರ್ಡ್‌ವಿಕ್ಕಿನಲ್ಲಿ ತೀರಿಕೊಂಡಿದ್ದಳು.

ಸ್ಕಾಟ್ಲೆಂಡಿನ ಮೇರಿ ರಾಣಿ ಈ ಸೌಧದಲ್ಲಿ ಬಂದಿಯಾಗಿದ್ದಳೆಂಬ ಐತಿಹ್ಯವೊಂದು ಬೆಳೆದುಬಂದು, ಒಂದು ಕೋಣೆಗೆ ಆಕೆಯ ಹೆಸರೇ ನಿಂತಿದೆ. ಇದು ನಿಲ್ಲತಕ್ಕ ಮಾತಲ್ಲ. ಮೇರಿಗೆ ಮರಣದಂಡನೆಯಾದುದು ೧೫೮೭ರ ಫೆಬ್ರವರಿಯಲ್ಲಿ. ಸೌಧದ ಅಸ್ತಿಭಾರ ಬಿದ್ದುದು ೧೫೯೦ರಲ್ಲಿ. ಬಂದ ರಾಣಿ ಇಲ್ಲದಿರಲು, ಬಾರದ ರಾಣಿಯೊಬ್ಬಳನ್ನು ಜನರ ಕಲ್ಪನೆ ತಂದು ಕೂರಿಸಿತೆಂದು ಇದನ್ನು ತಿಳಿಯಬೇಕು.

ಸೌಧವು ಮೂಲರೂಪದಲ್ಲಿ ಉಳಿದುದಕ್ಕೂ ಈ ನಿಷ್ಫಲತೆಗೂ ಸಂಬಂಧವಿದೆ. ಬೆಸ್ಸಳ ಕ್ಯಾವೆಂಡಿಷ್ ಸಂತತಿಯವರು ೧೬೧೮ರಲ್ಲಿ ಡೆವನ್‌ಷೈರಿನ ಅರ್ಲರೂ ೧೬೯೪ರಲ್ಲಿ ಡ್ಯೂಕರೂ ಆದರು. ಅವರು ಚಾಟ್ಸ್‌ವರ್ತಿನಲ್ಲಿದ್ದ ಇನ್ನೊಂದು ಮನೆಯನ್ನು ಮುಖ್ಯ ನಿವಾಸವನ್ನಾಗಿ ಮಾಡಿಕೊಂಡು, ಕಾಲಕಾಲದ ರುಚಿಗೆ ತಕ್ಕಂತೆ ಅದನ್ನು ಕೆಡವಿ ಕಟ್ಟಿ ಬದಲಾಯಿಸಿದರು. ಹಾರ್ಡ್‌ವಿಕ್ ಎರಡನೆಯ ಮನೆಯಾಗಿ ಉಳಿದುದರಿಂದ ಅದಕ್ಕೆ ಅಷ್ಟು ಕೈ ಬೀಳಲಿಲ್ಲ. ಆ ಮನೆತನದ ಆಶ್ರಯದಲ್ಲಿದ್ದ ತತ್ತ್ವಶಾಸ್ತ್ರಜ್ಞ ಥಾಮಸ್ ಹಾಬ್ಸ್ ೧೬೭೯ರಲ್ಲಿ ಕೊನೆಯುಸಿರೆಳೆದುದು ಇಲ್ಲಿಯೇ. ಹತ್ತೊಂಬತ್ತನೆಯ ಶತಮಾನದಲ್ಲಿ ಆರನೆಯ ಡ್ಯೂಕನು ಹಳೆಯ ಕಾಲದ ಸೊಗಸನ್ನು ಹೆಚ್ಚಿಸಬೇಕೆಂದು ಬೇರೆಡೆಯಿಂದ ತೆರೆಗಳನ್ನೂ ಪೀಠೋಪಕರಣಗಳನ್ನೂ ತಂದು ಸೇರಿಸಿದನು; ಆದುದರಿಂದ ಈಗ ಅಲ್ಲಿ ಕಾಣುವುದೆಲ್ಲವನ್ನೂ ಬೆಸ್ಸಳ ಕಾಲದ್ದೆಂದು ಭಾವಿಸಲಾಗದು. ೧೬೦೧ರ ಪಟ್ಟಿ ಉಳಿದಿರುವುದರಿಂದ ಮೂಲವನ್ನೂ ಪ್ರಕ್ಷಿಪ್ತವನ್ನೂ ಬೇರ್ಪಡಿಸಲು ಸಂಶೋಧಕರಿಗೆ ಸಾಧ್ಯವಾಗಿದೆ.

೧೯೫೦ರಲ್ಲಿ ಹತ್ತನೆಯ ಡ್ಯೂಕನು ತೀರಿಕೊಳ್ಳಲು ಮರಣಾನಂತರದ ತೆರಿಗೆಯ ಭಾರ ಮನೆತನದ ಮೇಲೆ ಬಿದ್ದಿತು. ಅದರ ಸಲುವಾಗಿ ಸೌಧವು ಸರ್ಕಾರಕ್ಕೆ ಸೇರಿ, ೧೯೫೯ರಲ್ಲಿ ನ್ಯಾಷನಲ್ ಟ್ರಸ್ಟ್ ಎಂಬ ಸಂರಕ್ಷಣ ಸಂಸ್ಥೆಯ ವಶಕ್ಕೆ ಬಂದಿತು. ಪಕ್ಕದಲ್ಲಿದ್ದ ಹಳೆಯ ಮನೆ ಹಾಳುಬಿದ್ದು ಗೋಡೆಗಳು ಮಾತ್ರ ನಿಂತಿವೆ. ಗಿಡಿಯನ್ನನ ಹದಿಮೂರು ತೆರೆಗಳನ್ನು ಒಂದೊಂದಾಗಿ ತೊಳೆದು ಹೊಲಿದು ದುರಸ್ತುಮಾಡುವ ಕಾರ್ಯಕ್ಕೆ ಇಪ್ಪತ್ತನಾಲ್ಕು ವರ್ಷಗಳು ಹಿಡಿದು, ಅದು ೨೦೨೩ರಲ್ಲಿ ಮುಗಿಯಿತು. ಸೌಧವನ್ನು ಕಟ್ಟುವುದಕ್ಕೆ ಹಿಡಿದ ಕಾಲ ಏಳು ವರ್ಷಗಳೆಂಬುದನ್ನು ಇದರೊಡನೆ ಹೋಲಿಸಿದರೆ, ಕಟ್ಟಿದುದನ್ನು ಕಾಪಾಡುವ ಶ್ರಮ ಎಷ್ಟೆಂಬುದು ಅರಿವಾಗುತ್ತದೆ.

ಈಗ ಟಿಕೀಟು ಕೊಂಡ ಯಾರೇ ಆಗಲಿ ಹಜಾರವನ್ನು ಹೊಕ್ಕು, ಅದೇ ಕಲ್ಲುಮೆಟ್ಟಲುಗಳನ್ನು ಏರಿ, ರಾಣಿಗೆಂದು ಮೀಸಲಿಟ್ಟ ಅಂತಸ್ತಿನಲ್ಲಿ ಓಡಾಡಬಹುದು. ‘ಅಂತಸ್ತು’ ಶಬ್ದದ ಎರಡು ಅರ್ಥಗಳಲ್ಲಿ ಒಂದು ಅಲ್ಲಿ ಸವೆದುಹೋಗಿದೆ. ಇನ್ನೊಂದು, ಎತ್ತರದ ಕಿಟಕಿಗಳೊಡನೆಯೂ ಬೆಳಕಿನೊಡನೆಯೂ, ಹಾಗೆಯೇ ನಿಂತಿದೆ.